ಮೂರಾಣೆಯ ಮಾನದಂಡ

ಸ್ವತಂತ್ರ ಭಾರತದ ಲೋಕಸಭೆಯು 1963ರ ಆಗಸ್ಟ್ ತಿಂಗಳಲ್ಲಿ ತನ್ನ ಮೊತ್ತಮೊದಲ ಅವಿಶ್ವಾಸ ನಿರ್ಣಯವನ್ನು ಚರ್ಚಿಸುತ್ತಿದ್ದಾಗ, ಕೆಲವೇ ತಿಂಗಳ ಹಿಂದೆ ಫರೂಕಾಬಾದಿನ ಉಪಚುನಾವಣೆಯಲ್ಲಿ ಗೆದ್ದು ಬಂದಿದ್ದ ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ಆಡಿದ ಮಾತೊಂದು, ನಿರ್ಣಯವು ಬಿದ್ದುಹೋದ ಮೇಲೂ ಬಹುಕಾಲ ಉಳಿದುಕೊಂಡಿತು. ಕೃಪಲಾನಿಯವರು ಮಂಡಿಸಿದ ಆ ನಿರ್ಣಯದ ಪರವಾಗಿ ಬಿದ್ದ ಮತಗಳು 62, ವಿರುದ್ಧವಾಗಿ ಬಿದ್ದವು 347. ಫಲಿತಾಂಶದ ವಿಷಯದಲ್ಲಿ ಯಾರಿಗೂ ಸಂಶಯವಿದ್ದಿರಲಾರದು. ದೇಶದ 27 ಕೋಟಿ ಜನರು ದಿನಕ್ಕೆ ಮೂರಾಣೆಯಲ್ಲಿ ಜೀವಿಸುತ್ತಿರುವಾಗ ಪ್ರಧಾನಿಯೊಬ್ಬರ ಮೇಲೆ ದಿನಕ್ಕೆ 25,000 ರೂಪಾಯಿ ವ್ಯಯವಾಗುತ್ತಿದೆಯೆಂಬುದು ಲೋಹಿಯಾ ಅವರ ಆರೋಪ. ನೆಹರೂ ಅವರು ಯೋಜನಾ ಆಯೋಗದ ಅಂಕಿಗಳನ್ನು ಆಧರಿಸಿ, ಮೂರಾಣೆಯಲ್ಲ, ಹದಿನೈದಾಣೆ ಎಂದರು. ಮುಂದೆ ಯೋಜನಾ ಸಚಿವ ಗುಲ್ಜಾರಿಲಾಲ್ ನಂದಾ ಅವರು ಏಳೂವರೆ ಆಣೆ ಎಂದರು. (ದಶಮಾಂಶ ನಾಣ್ಯ ಬಂದು ಆರು ವರ್ಷವಾಗಿತ್ತು, ಆದರೂ ಹಸಿವಿನ ಲೆಕ್ಕ ಆಣೆಯಲ್ಲಿಯೇ ನಡೆಯಿತು.)

ಈ ಮೂರು ಸಂಖ್ಯೆಗಳಲ್ಲಿ ಯಾವುದು ಸತ್ಯವೆಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರಿಗೆ ಬಿಡಬಹುದು. ನನ್ನನ್ನು ಕಾಡುವ ಪ್ರಶ್ನೆ ಬೇರೆಯದು. ಬೊಕ್ಕಸದ ಕೀಲಿಕೈ ಕೈಯಲ್ಲಿಲ್ಲದವನು, ನಾಳೆ ಬೆಳಗ್ಗೆ ಸೈನ್ಯಕ್ಕೂ ಶಾಲೆಗೂ ಅಣೆಕಟ್ಟಿಗೂ ಹಣ ಹೊಂದಿಸಬೇಕಾದ ಹೊಣೆ ಇಲ್ಲದವನು, ತೆರಿಗೆ ಹೆಚ್ಚಾಯಿತೆಂದೂ ಬಡವನಿಗೆ ಸಂದದ್ದು ಕಡಿಮೆಯಾಯಿತೆಂದೂ ಏಕಕಾಲದಲ್ಲಿ ದೂರುವುದಕ್ಕೆ ಅಧಿಕಾರವೇನು? ಆಳುವವರು ಯಾವ ಪಕ್ಷದವರೇ ಆಗಿರಲಿ, ಈ ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಚೀನಾ ಯುದ್ಧದ ಮರುವರ್ಷ, ರಕ್ಷಣಾವೆಚ್ಚದ ಭಾರದಿಂದ ಬಗ್ಗಿದ್ದ ಮೊರಾರ್ಜಿ ದೇಸಾಯಿಯವರ ಮುಂಗಡಪತ್ರವು ಕಡ್ಡಾಯ ಠೇವಣಿಯಂಥ ಯೋಜನೆಯನ್ನು ಜನರ ಮೇಲೆ ಹೊರಿಸಿದ್ದ ಆ ಕಾಲದಲ್ಲಂತೂ, ಪ್ರಶ್ನೆಗೆ ತೂಕವೂ ಇತ್ತು.

ಪರಿಹಾರವನ್ನು ಹೇಳಬಲ್ಲವನಿಗೆ ಮಾತ್ರ ಟೀಕಿಸುವ ಹಕ್ಕಿದೆಯೆಂಬ ವಾದವು ಮೇಲ್ನೋಟಕ್ಕೆ ನ್ಯಾಯವಾಗಿ ಕಂಡರೂ, ಅದರೊಳಗೆ ಒಂದು ಮೋಸವಿದೆ. ಸರ್ಕಾರದ ಬಳಿ ಇಲಾಖೆಗಳಿವೆ, ಅಂಕಿಗಳಿವೆ, ಅಂಕಿಗಳನ್ನು ಜೋಡಿಸುವ ಪಂಡಿತರಿದ್ದಾರೆ. ಇವೆಲ್ಲವನ್ನೂ ತನ್ನಲ್ಲಿಟ್ಟುಕೊಂಡು, ಎದುರಾಳಿಯನ್ನು ಪರ್ಯಾಯ ಮುಂಗಡಪತ್ರ ತರುವಂತೆ ಕೇಳುವುದು ಸಮಬಲರ ವಾದವಲ್ಲ. ವಿರೋಧಪಕ್ಷದವನು ನಿಜವಾಗಿ ತರಬಲ್ಲದ್ದು ಮಾನದಂಡವೊಂದನ್ನೇ. ಹದಿನೈದಾಣೆಯೆಂಬುದು ಸುಳ್ಳಲ್ಲದಿರಬಹುದು, ಆದರೆ ಅದು ಸರಾಸರಿ. ಗಿರಣಿಯ ಮಾಲೀಕನನ್ನೂ ಅವನ ಅಂಗಳ ಗುಡಿಸುವವಳನ್ನೂ ಒಂದೇ ಮೊತ್ತದಲ್ಲಿ ಕೂಡಿಸಿ ಭಾಗಿಸಿದಾಗ ಹುಟ್ಟುವ ಆ ಮಧ್ಯಮ ಪುರುಷನು ಯಾವ ಊರಿನಲ್ಲಿಯೂ ವಾಸಿಸುವುದಿಲ್ಲ. ಲೋಹಿಯಾ ಅವರು ಕೆಳಗಿನ ಅರುವತ್ತು ಪ್ರತಿಶತವನ್ನು ಬೇರೆಯಾಗಿ ಎಣಿಸಿರೆಂದು ಪಟ್ಟುಹಿಡಿದರು. ಸರ್ಕಾರದ ಉತ್ತರವು ನೆಹರೂ ಅವರ ಹದಿನೈದರಿಂದ ನಂದಾ ಅವರ ಏಳೂವರೆಗೆ ಇಳಿದದ್ದೇ ಆ ಪಟ್ಟಿನ ಫಲ. ಸಂಖ್ಯೆಯಲ್ಲಿ ಅವರು ಗೆಲ್ಲದಿದ್ದರೂ, ಯಾರನ್ನು ಎಣಿಸಬೇಕೆಂಬುದರಲ್ಲಿ ಗೆದ್ದರು.

25,000 ರೂಪಾಯಿಯ ಮಾತಿಗೆ ಮಾತ್ರ ನನ್ನ ಸಮ್ಮತಿ ಅರೆಮನಸ್ಸಿನದು. ಆ ಹಣವನ್ನೆಲ್ಲ ಉಳಿಸಿ 27 ಕೋಟಿ ಜನರಿಗೆ ಹಂಚಿದರೆ ಒಬ್ಬೊಬ್ಬನಿಗೆ ಪೈಸೆಯ ನೂರನೆಯ ಒಂದಂಶವೂ ದೊರೆಯದು. ವೈಭವದ ನಿಂದೆಯು ಸಭಿಕರನ್ನು ಬೇಗ ಒಲಿಸಿಕೊಳ್ಳುತ್ತದೆ, ಆದರೆ ತೆರಿಗೆಯ ರಚನೆಯಲ್ಲಿರುವ ಅನ್ಯಾಯವನ್ನು ಅದು ಕಣ್ಮರೆಮಾಡಿಬಿಡುತ್ತದೆ.

ಆ ಅನ್ಯಾಯವಾದರೂ ಸೂಕ್ಷ್ಮವಾದುದು. ಮೂರಾಣೆಯವನು ವರಮಾನ ತೆರಿಗೆಯನ್ನು ಕೊಡುವುದಿಲ್ಲವಾದ್ದರಿಂದ ಅವನು ರಾಜ್ಯದ ಋಣಿಯೆಂದೂ, ಅವನಿಗೆ ದೊರೆತ ಔಷಧ, ಅಕ್ಕರ, ಅನ್ನಗಳು ಕೊಡುಗೆಯೆಂದೂ ಭಾವಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಬೆಂಕಿಪೆಟ್ಟಿಗೆಯ ಮೇಲೆಯೂ ಸಕ್ಕರೆಯ ಮೇಲೆಯೂ ಬ್ರಿಟಿಷರ ಸರ್ಕಾರ 1934ರಲ್ಲಿ ಹಾಕಿದ ಅಬಕಾರಿ ಸುಂಕವು ಸ್ವರಾಜ್ಯದಲ್ಲಿಯೂ ಮುಂದುವರಿಯಿತು. ಒಲೆ ಹೊತ್ತಿಸಿದಾಗಲೆಲ್ಲ ಬಡವಳು ತೆರಿಗೆ ಕೊಟ್ಟಳು, ರಸೀದಿ ಮಾತ್ರ ಅವಳ ಕೈಸೇರಲಿಲ್ಲ. ರಸೀದಿಯಿಲ್ಲದ ತೆರಿಗೆಯನ್ನು ಕೊಟ್ಟವನು ಮರೆಯುತ್ತಾನೆ, ಪಡೆದವನು ಒಪ್ಪಿಕೊಳ್ಳುವುದಿಲ್ಲ. ಸೂರ್ಯನು ನೀರನ್ನು ಹೀರಿ ಸಾವಿರಪಾಲಾಗಿ ಮಳೆಗರೆಯುವಂತೆ ರಾಜನು ಕರವನ್ನು ಸ್ವೀಕರಿಸುತ್ತಿದ್ದನೆಂದು ಕಾಳಿದಾಸನು ರಘುವಂಶದಲ್ಲಿ ದಿಲೀಪನನ್ನು ಕೊಂಡಾಡಿದ್ದಾನೆ. ನಮ್ಮ ಅರ್ಥಸಚಿವರುಗಳಿಗೂ ಅದು ಪ್ರಿಯವಾದ ಉಪಮೆ. ಯಾವ ಕೆರೆಯಿಂದ ಹೀರಿದ್ದು ಯಾವ ಹೊಲದ ಮೇಲೆ ಸುರಿಯಿತೆಂದು ಕವಿಯನ್ನು ಕೇಳಲಾಗದು. ಮಂತ್ರಿಯನ್ನು ಕೇಳಬಹುದು, ವಿರೋಧಪಕ್ಷವಿರುವುದು ಅದಕ್ಕೇ.

ಇಂಥ ಪ್ರಶ್ನೆಯನ್ನು ಸದನದ ಹೊರಗೆ ಕೇಳಿದರೆ ಏನಾಗುತ್ತದೆಂಬುದಕ್ಕೂ ಲೋಹಿಯಾ ಅವರ ಬದುಕೇ ನಿದರ್ಶನ. ಉತ್ತರಪ್ರದೇಶದ ಸರ್ಕಾರ ಕಾಲುವೆಯ ನೀರಿನ ದರವನ್ನೇರಿಸಿದಾಗ, 1954ರಲ್ಲಿ, ಏರಿಸಿದ ದರವನ್ನು ಕೊಡಬೇಡಿರೆಂದು ಅವರು ರೈತರಿಗೆ ಕರೆಯಿತ್ತರು. ಸರ್ಕಾರವು ಬ್ರಿಟಿಷರು 1932ರಲ್ಲಿ ಮಾಡಿದ್ದ ವಿಶೇಷಾಧಿಕಾರದ ಕಾನೂನನ್ನೇ ಹುಡುಕಿ ತೆಗೆದು ಅವರನ್ನು ಬಂಧಿಸಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1960ರಲ್ಲಿ, ತೆರಿಗೆ ಕೊಡಬೇಡಿರೆಂಬ ಮಾತಿಗೂ ಸಾರ್ವಜನಿಕ ಶಾಂತಿಯ ಭಂಗಕ್ಕೂ ಸಮೀಪದ ಸಂಬಂಧವಿಲ್ಲವೆಂದು ನ್ಯಾಯಾಲಯವು ಆ ಕಲಮನ್ನು ಅಸಿಂಧುಗೊಳಿಸಿತು. ಎಷ್ಟು ಕೊಡಬೇಕೆಂಬುದರಷ್ಟೇ ಮುಖ್ಯ, ಯಾವ ಅಳತೆಯಿಂದ ಕೊಡಬೇಕೆಂಬುದು. ಇದು ಕನ್ನಡಿಗರಿಗೆ ಹೊಸ ಪಾಠವಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದುನಿಂತದ್ದು ಗೇಣಿ ಅಳೆಯುವ ಕೊಳಗವು ದೊಡ್ಡದಾಗಿತ್ತೆಂಬ ಕಾರಣದಿಂದಲೂ ಹೌದು. ಅವರಿಗೆ ಬೆಂಬಲವಾಗಿ ಬಂದ ಲೋಹಿಯಾ ಅವರು ಅಲ್ಲಿಯೂ ಬಂಧಿತರಾದರು.

ಆದರೆ ಮಾನದಂಡವನ್ನು ತಂದವನು ಅದರಿಂದ ತಾನೂ ಅಳೆಯಲ್ಪಡಲು ಸಿದ್ಧನಿರಬೇಕು. ಲಾಭವಿಲ್ಲದ ಹಿಡುವಳಿಯ ಮೇಲಿನ ಕಂದಾಯ ರದ್ದಾಗಬೇಕೆಂದು ಲೋಹಿಯಾ ಅವರು ಬಹುಕಾಲದಿಂದ ಹೇಳುತ್ತ ಬಂದಿದ್ದರು. ಸಿರಿವಂತರ ಖರ್ಚಿಗೆ ಮಿತಿ ಕಟ್ಟಬೇಕೆಂದೂ ಹೇಳಿದ್ದರು. 1967ರಲ್ಲಿ ಉತ್ತರಪ್ರದೇಶದಲ್ಲಿ ಕಾಂಗ್ರೆಸ್ಸೇತರ ಸರ್ಕಾರವು ಬಂದು, ಅವರ ಪಕ್ಷದವರೂ ಅದರಲ್ಲಿ ಭಾಗಿಗಳಾದಾಗ, ಕಂದಾಯದ ಬೇಡಿಕೆಗೆ ಅಡ್ಡನಿಂತವರು ಅದೇ ಸರ್ಕಾರದ ಮುಖ್ಯಮಂತ್ರಿ ಚರಣ ಸಿಂಗ್. ಅವರ ಕಾರಣ ಬೊಕ್ಕಸದ ನಷ್ಟ. ಹಳೆಯ ಆಳುವವರ ಉತ್ತರವೇ ಹೊಸಬರ ಬಾಯಲ್ಲಿ ಬಂದಿತೆಂದು ನಗುವುದು ಸುಲಭ. ಆದರೆ ಲೋಹಿಯಾ ಅವರ ಕಾರ್ಯಕ್ರಮದಲ್ಲಿ ಬಿಟ್ಟುಕೊಡುವ ಭಾಗವು, ಎಂದರೆ ಭೂಕಂದಾಯವು, ಸಂವಿಧಾನದ ಪ್ರಕಾರ ರಾಜ್ಯದ ವಶದಲ್ಲಿತ್ತು. ಸಿರಿವಂತರಿಂದ ಪಡೆಯುವ ಭಾಗದಲ್ಲಿ ಹೆಚ್ಚಿನದು, ವರಮಾನ ತೆರಿಗೆಯೇ ಮೊದಲಾದುದು, ಕೇಂದ್ರದ ವಶದಲ್ಲಿತ್ತು. ಲೋಹಿಯಾ ಅವರು ಆ ಅಕ್ಟೋಬರಿನಲ್ಲಿ ತೀರಿಕೊಳ್ಳುವವರೆಗೂ ದೆಹಲಿಯಲ್ಲಿ ವಿರೋಧಪಕ್ಷದ ಪೀಠದಲ್ಲಿಯೇ ಇದ್ದರು. ಹಾಗಿದ್ದರೂ ಕೃಷಿ ವರಮಾನದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನವು ರಾಜ್ಯಗಳಿಗೇ ಕೊಟ್ಟಿದೆ. ಸಣ್ಣ ಹಿಡುವಳಿಯವನಿಗೆ ಬಿಟ್ಟ ಕಂದಾಯವನ್ನು ದೊಡ್ಡ ಹಿಡುವಳಿಯವನಿಂದ ತುಂಬಿಸಿಕೊಳ್ಳುತ್ತೇವೆಂದು ಹೇಳಲು ಯಾವ ಕಾನೂನಿನ ಅಡ್ಡಿಯೂ ಇರಲಿಲ್ಲ, ಹೇಳಿದವರು ಮುಂದಿನ ಚುನಾವಣೆಯಲ್ಲಿ ಆ ದೊಡ್ಡ ಹಿಡುವಳಿಯವರ ಮನೆಯ ಬಾಗಿಲಿಗೆ ಹೋಗಬೇಕಾಗಿತ್ತೆಂಬುದೊಂದನ್ನುಳಿದು.