ನೋವಿನ ನಿವಾರಣೆ ಮತ್ತು ವಿವೇಕ

ನೋವನ್ನು ಸಹಿಸುವುದು ಸದ್ಗುಣವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಾತು ಸತ್ಯವೇ, ಆದರೆ ಅದನ್ನು ಯಾರು ಯಾರಿಗೆ ಹೇಳಬೇಕೆಂಬುದು ವಿಚಾರಾರ್ಹ. ಸಾಧಕನು ತಾನಾಗಿ ವಹಿಸಿಕೊಂಡ ಕಷ್ಟ ಬೇರೆ, ಕ್ಯಾನ್ಸರ್ ರೋಗಿಯ ಮೇಲೆ ಬಂದೆರಗಿದ ವೇದನೆ ಬೇರೆ. ತನ್ನ ನೋವನ್ನು ತಾಳಿಕೊಂಡವನು ಧೀರನು. ಪರರ ನೋವನ್ನು ನೋಡುತ್ತ ತಾಳ್ಮೆಯಿಂದ ಕುಳಿತವನನ್ನು ಹಾಗೆ ಕರೆಯಲಾಗದು. ‘ಅದು ಅವನ ಕರ್ಮ’ವೆಂದು ಮದ್ದನ್ನು ತಡೆಹಿಡಿಯುವುದು ಧರ್ಮವಾಗಲಾರದು.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ಈಥರಿನ ಆವಿಯನ್ನು ಸೇವಿಸಿದ ರೋಗಿಗೆ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಎಲ್ಲರೆದುರು ತೋರಿಸಿದನು. ಮರುವರ್ಷ ಎಡಿನ್‌ಬರೊದ ಜೇಮ್ಸ್ ಸಿಂಪ್ಸನ್ ಹೆರಿಗೆಯಲ್ಲಿ ಅರಿವಳಿಕೆಯನ್ನು ಬಳಸಿದಾಗ, ಪ್ರಸವವೇದನೆ ದೈವಸಂಕಲ್ಪವೆಂದು ಆಕ್ಷೇಪಿಸಿದವರೂ ಉಂಟು. ಇಂದು ಆ ಆಕ್ಷೇಪಣೆಗೆ ಬೆಲೆಯಿಲ್ಲ.

ಹಾಗಾದರೆ ಮದ್ದು ಹೆಚ್ಚಿದಷ್ಟೂ ದಯೆ ಹೆಚ್ಚಿತೆನ್ನಬಹುದೇ? ಗಸಗಸೆಯ ಹಸಿಕಾಯಿಯ ಹಾಲೇ ಅಫೀಮು. ಮಾರ್ಫಿನ್ ಅದರ ಸತ್ವ. ಈ ಗುಣದ ಔಷಧಗಳಿಗೆ ಓಪಿಯಾಯ್ಡ್‌ಗಳೆಂದು ಹೆಸರು. 1980ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಪುಟ್ಟ ಪತ್ರವೊಂದು ಪ್ರಕಟವಾಯಿತು. ಆಸ್ಪತ್ರೆಯಲ್ಲಿದ್ದು ಇಂಥ ಔಷಧ ಪಡೆದ 11,882 ರೋಗಿಗಳಲ್ಲಿ ನಾಲ್ವರಿಗೆ ಮಾತ್ರ ಚಟ ಅಂಟಿತೆಂಬುದು ಅದರ ಸಾರ. ವೈದ್ಯರ ಕಣ್ಗಾವಲಿನಲ್ಲಿದ್ದವರ ಕುರಿತ ಈ ಮಾತನ್ನು, ಮನೆಗೆ ಗುಳಿಗೆ ಒಯ್ಯುವವರಿಗೂ ಅನೇಕರು ಅನ್ವಯಿಸಿದರು. 1996ರಿಂದ ಆಕ್ಸಿಕಾಂಟಿನ್ ಎಂಬ ಗುಳಿಗೆ ಭರದಿಂದ ಮಾರಾಟವಾಯಿತು. ಅದರ ಅಪಾಯವನ್ನು ಮರೆಮಾಚಿ ಪ್ರಚಾರ ಮಾಡಿದ ಅಪರಾಧವನ್ನು ತಯಾರಕರು 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಮುಂದೆ ಹೆರಾಯಿನ್, ಕಳ್ಳಮಾರ್ಗದ ಫೆಂಟನಿಲ್ ಹಬ್ಬಿ, 2021 ಮತ್ತು 2022ರಲ್ಲಿ ವರ್ಷಕ್ಕೆ 80,000ಕ್ಕೂ ಅಧಿಕ ಜನರು ಆ ದೇಶದಲ್ಲಿ ಓಪಿಯಾಯ್ಡ್ ಅತಿಸೇವನೆಯಿಂದ ಮಡಿದರು.

ನಮ್ಮ ದೇಶದ ದೋಷ ಇದಕ್ಕೆ ವಿರುದ್ಧವಾದುದು. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಅನುಮತಿಯಿಂದಲೇ ಅಫೀಮು ಬೆಳೆಯುತ್ತದೆ. ಆದರೂ 1985ರ ಮಾದಕವಸ್ತು ಕಾಯಿದೆಯ ಭಯದಿಂದ ಮಾರ್ಫಿನ್ ಅನೇಕ ಆಸ್ಪತ್ರೆಗಳಿಂದಲೇ ಮರೆಯಾಯಿತು. 2014ರಲ್ಲಿ ಕಾಯಿದೆ ತಿದ್ದುಪಡಿಯಾಗಿ ನಿಯಮ ಸಡಿಲಾಯಿತು. ಭಯ ಅಷ್ಟು ಬೇಗ ಸಡಿಲಾಗಲಿಲ್ಲ. 2017ರ ಲ್ಯಾನ್ಸೆಟ್ ಆಯೋಗದ ವರದಿಯಂತೆ, ತೀವ್ರ ರೋಗಿಗಳ ಉಪಶಮನಕ್ಕೆ ಬೇಕಾದ ಓಪಿಯಾಯ್ಡ್ ಔಷಧದಲ್ಲಿ ಭಾರತಕ್ಕೆ ದಕ್ಕಿದುದು ಶೇಕಡಾ 4. ಅಮೆರಿಕಕ್ಕಾದರೋ ಅಗತ್ಯದ ಮೂವತ್ತು ಪಟ್ಟಿಗೂ ಹೆಚ್ಚು. ಒಂದೆಡೆ ವಿವೇಕವಿಲ್ಲದ ದಯೆ, ಇನ್ನೊಂದೆಡೆ ದಯೆಯಿಲ್ಲದ ಎಚ್ಚರ.

ಈಚಿನ ಸಂಶೋಧನೆಗಳು ಮಧ್ಯಮಮಾರ್ಗವನ್ನು ಅರಸುತ್ತಿವೆ. ಶಸ್ತ್ರಚಿಕಿತ್ಸೆಯ ನೆಪದಲ್ಲಿ ಮೊದಲ ಬಾರಿಗೆ ಓಪಿಯಾಯ್ಡ್ ಪಡೆದವರಲ್ಲಿ ನೂರಕ್ಕೆ ಸುಮಾರು ಆರು ಮಂದಿ ಮೂರು ತಿಂಗಳ ನಂತರವೂ ಅದನ್ನು ಪಡೆಯುತ್ತಿದ್ದರೆಂದು 2017ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಚಿಕ್ಕ ಶಸ್ತ್ರಚಿಕಿತ್ಸೆ, ದೊಡ್ಡದೆಂಬ ಭೇದ ಅಷ್ಟಾಗಿ ಕಾಣಲಿಲ್ಲ. ಹಠಾತ್ತನೆ ಬಂದ ಸೊಂಟನೋವು, ಕತ್ತುನೋವುಗಳಿಗೆ ಓಪಿಯಾಯ್ಡ್ ಕೊಟ್ಟರೂ ಹುಸಿಗುಳಿಗೆಗಿಂತ ಹೆಚ್ಚಿನ ಫಲವಿಲ್ಲವೆಂದು 2023ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕಂಡರು. ಆದುದರಿಂದ ಅರಿವಳಿಕೆ ತಜ್ಞರು ನರವೊಂದನ್ನೇ ಮರಗಟ್ಟಿಸುವುದು, ಹಲವು ಔಷಧಗಳನ್ನು ಅಲ್ಪಪ್ರಮಾಣದಲ್ಲಿ ಬೆರೆಸುವುದು ಮೊದಲಾದ ವಿಧಾನಗಳತ್ತ ಒಲಿದಿದ್ದಾರೆ. ನೋವಿನ ಸಂದೇಶವನ್ನು ನರದಲ್ಲಿಯೇ ತಡೆಯುವ, ಓಪಿಯಾಯ್ಡ್ ಅಲ್ಲದ ಸುಜೆಟ್ರಿಜಿನ್ ಎಂಬ ಔಷಧಕ್ಕೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೂ ಕ್ಯಾನ್ಸರಿನ ಉಗ್ರವೇದನೆಗೆ ಮಾರ್ಫಿನ್ ಇಂದಿಗೂ ಅವಶ್ಯಕ.

ಪಾಪಪುಣ್ಯಗಳು ಗುಳಿಗೆಯಲ್ಲಿಲ್ಲ, ಅದನ್ನು ಕೊಡುವವನ ಚಿತ್ತದಲ್ಲಿವೆ. ಕೊಟ್ಟು ಮರೆಯುವವನ ದಾನವೂ ಅಪೂರ್ಣ, ಹೆದರಿ ಕೊಡದವನ ಎಚ್ಚರವೂ ಅಪೂರ್ಣ. ಕೊಟ್ಟ ಮೇಲೆ ರೋಗಿಯ ಬಳಿ ನಿಂತು, ಪ್ರಮಾಣವನ್ನು ಅಳೆದು, ಸಕಾಲದಲ್ಲಿ ತಗ್ಗಿಸುವವನಲ್ಲಿಯೇ ದಯೆ ಪೂರ್ಣವಾಗುತ್ತದೆ. ಗೃಹಸ್ಥರಿಗೂ ಇದರಲ್ಲಿ ಪಾಲಿದೆ. ಮಾರ್ಫಿನ್ ಎಂದೊಡನೆ ಅಂತ್ಯ ಬಂತೆಂದು ತಿಳಿದು ಮನೆಯ ಹಿರಿಯರನ್ನು ನರಳಲು ಬಿಡಬಾರದು. ವೈದ್ಯರನ್ನು ಕೇಳದೆ ಒಂದು ಗುಳಿಗೆಯನ್ನೂ ಹೆಚ್ಚಿಸಬಾರದು, ಉಳಿದುದನ್ನು ಇನ್ನೊಬ್ಬರಿಗೆ ಕೊಡಲೂಬಾರದು. ನರಳುವವರ ಮಾತನ್ನು ಮೊದಲು ನಂಬುವುದು, ಆಮೇಲೆ ಅವರನ್ನು ಕಾಯುವುದು: ಇವೆರಡೂ ಕೂಡಿದಾಗಲೇ ಸೇವೆಯೆಂಬ ಮಾತಿಗೆ ಅರ್ಥ ಬರುತ್ತದೆ.