ಹಬ್ಬದ ದಿನ ಹೇಳುವ ಸುದ್ದಿ

ಆಸ್ಟ್ರೇಲಿಯದಲ್ಲಿ ನೆಲೆಸಿರುವ ಮಕ್ಕಳ ಬಳಿಗೆ ತಂದೆತಾಯಿ ಕಾಯಂ ಆಗಿ ಹೋಗಬೇಕಾದರೆ ಅಲ್ಲಿನ ವಲಸೆ ಕಾನೂನು ಒಂದು ಲೆಕ್ಕ ಕೇಳುತ್ತದೆ. ನಿಮಗೆ ಮಕ್ಕಳೆಷ್ಟು? ಅವರಲ್ಲಿ ಅರ್ಧದಷ್ಟಾದರೂ ಇಲ್ಲಿ ನೆಲೆ ನಿಂತಿದ್ದಾರೆಯೇ? ಇಲ್ಲವಾದರೆ, ಬೇರೆ ಯಾವುದೇ ಒಂದು ದೇಶದಲ್ಲಿರುವುದಕ್ಕಿಂತ ಹೆಚ್ಚು ಮಕ್ಕಳು ಇಲ್ಲಿದ್ದಾರೆಯೇ? ಕುಟುಂಬದ ತೂಕ ಯಾವ ಕಡೆಗೆ ವಾಲುತ್ತದೆ ಎಂದು ನೋಡುವ ಪರೀಕ್ಷೆ ಇದು. ಇದರಲ್ಲಿ ಗೆದ್ದವರು ಸರದಿಯಲ್ಲಿ ನಿಂತು ಒಬ್ಬೊಬ್ಬರಿಗೆ 45,000 ಡಾಲರಿಗೂ ಹೆಚ್ಚು ಶುಲ್ಕ ಕಟ್ಟಬೇಕು. ಅಷ್ಟು ಕಟ್ಟಲಾರದವರಿಗೆ ಬೇರೊಂದು ಸರದಿಯಿದೆ. ಅಲ್ಲಿ 30 ವರ್ಷಕ್ಕೂ ಹೆಚ್ಚು ಕಾಯಬೇಕಾದೀತು ಎಂದು ಇಲಾಖೆಯೇ ಹೇಳುತ್ತದೆ. ನಿವೃತ್ತರಾದವರಿಗೆ 30 ವರ್ಷ!

ಸರಕಾರ ಹೀಗೆ ಎಣಿಸುವುದು ನನಗೆ ಅರ್ಥವಾಗುತ್ತದೆ. ಅದಕ್ಕೆ ಎಣಿಕೆಗೆ ಸಿಗುವಂಥದ್ದು ಏನಾದರೂ ಬೇಕು, ಮಕ್ಕಳು ಸಿಗುತ್ತಾರೆ. ನನಗೆ ಒಪ್ಪಿಗೆಯಾಗದಿರುವುದು ನಾವೂ ಹಾಗೆಯೇ ಎಣಿಸುವುದು. ವಯಸ್ಸಾದವರ ಬದುಕು ಎಲ್ಲಿದೆ ಎಂದರೆ ಮಕ್ಕಳು ಎಲ್ಲಿದ್ದಾರೋ ಅಲ್ಲಿ ಎಂದು ಯೋಚನೆಯೇ ಇಲ್ಲದೆ ಹೇಳಿಬಿಡುತ್ತೇವೆ.

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ತಂದೆತಾಯಿ ಮಕ್ಕಳ ಬಳಿಗೆ ಹೊರಟ ಸುದ್ದಿ ಹೆಚ್ಚಾಗಿ ಹೊರಬೀಳುವುದು ಡಿಸೆಂಬರಿನ ಕೊನೆಯ ವಾರದಲ್ಲಿ. ಮಕ್ಕಳು ರಜೆ ಹಾಕಿ ಬಂದಿರುತ್ತಾರೆ, ನೆಂಟರು ಸೇರಿರುತ್ತಾರೆ. ಊಟದ ನಡುವೆ ಮಗನೋ ಮಗಳೋ ಹೇಳುತ್ತಾರೆ: ಅಪ್ಪ ಅಮ್ಮನಿಗೆ ವೀಸಾ ಆಯಿತು, ಮನೆಗೆ ಗಿರಾಕಿಯೂ ಬಂದಿದ್ದಾರೆ. ಕೂಡಲೇ ಎಲ್ಲರೂ, ‘ಒಳ್ಳೆದಾಯ್ತು, ಇನ್ನು ಮೊಮ್ಮಕ್ಕಳ ಜೊತೆ ಆರಾಮವಾಗಿರಿ’ ಎನ್ನುತ್ತಾರೆ. ಬೇರೆ ಏನು ಹೇಳಲು ಸಾಧ್ಯ? ಹಬ್ಬದ ಮೇಜಿನಲ್ಲಿ ಯಾರೂ ಸಂಶಯ ಎತ್ತುವುದಿಲ್ಲ. ಹಬ್ಬದ ದಿನ ಹೇಳಿದ ನಿರ್ಧಾರಕ್ಕೆ ಸಂತೋಷವೊಂದೇ ಉತ್ತರವಾಗಬೇಕಾಗುತ್ತದೆ. ಅದು ಕೇಳಿದವರನ್ನು ಕಟ್ಟಿಹಾಕುತ್ತದೆ, ಹೊರಟವರನ್ನು ಇನ್ನೂ ಬಿಗಿಯಾಗಿ ಕಟ್ಟಿಹಾಕುತ್ತದೆ. ಅಷ್ಟು ಜನರ ಮುಂದೆ ‘ನನಗೆ ಮನಸ್ಸಿಲ್ಲ’ ಎನ್ನಲು ಯಾವ ತಾಯಿಗೆ ಬಾಯಿ ಬಂದೀತು?

ನಮ್ಮ ಪಕ್ಕದ ಮನೆಯ ಬಾಯಮ್ಮ ಕ್ರಿಸ್ಮಸ್ ತಿಂಡಿಗಳ ಕುಸ್ವಾರ್ ಮಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕಿಡಿಯೊಗೆ ನಾದಿದ ಹಿಟ್ಟಿನಿಂದ ಚಿಟಿಕೆಯಷ್ಟು ಉಂಡೆ ತೆಗೆದು, ಫೋರ್ಕಿನ ಬೆನ್ನಿಗೆ ಹೆಬ್ಬೆರಳಿನಿಂದ ಒತ್ತಿ ಎಳೆಯುತ್ತಾರೆ. ಅದು ಗೆರೆಗೆರೆಯಾಗಿ ಸುರುಳಿ ಸುತ್ತಿಕೊಂಡು ಉದುರುತ್ತದೆ. ನೆವ್ರಿ, ಗುಳಿಯೊ, ಚಕ್ಕುಲಿ, ಎಲ್ಲ ಸೇರಿ ವಾರದ ಕೆಲಸ. ಕೊನೆಗೆ ನೆರೆಮನೆಗಳಿಗೆ ಹಂಚುವ ತಟ್ಟೆ ಜೋಡಿಸುವಾಗ ಅವರ ಕೈ ಸ್ವಲ್ಪ ನಿಧಾನವಾಗುತ್ತದೆ. ಈ ಮನೆಯವರು ಮೊಟ್ಟೆ ತಿನ್ನುವುದಿಲ್ಲ, ಇವರ ತಟ್ಟೆಗೆ ಕಿಡಿಯೊ ಬೇಡ. ಆ ಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ, ಚಕ್ಕುಲಿ ಹೆಚ್ಚು ಹಾಕಬೇಕು. ಮೂಲೆಮನೆಯಲ್ಲಿ ಈ ವರ್ಷ ಸಾವಾಗಿದೆ, ಅಲ್ಲಿಗೆ ಮಗುವಿನ ಕೈಯಲ್ಲಿ ಕಳಿಸದೆ ತಾವೇ ಹೋಗಬೇಕು. ಇದೆಲ್ಲ ಯಾವ ಪುಸ್ತಕದಲ್ಲೂ ಬರೆದಿಟ್ಟದ್ದಲ್ಲ.

ಮೈದಾ, ತೆಂಗಿನಕಾಯಿ, ಎಳ್ಳು ಮೆಲ್ಬರ್ನಿನಲ್ಲೂ ಸಿಗುತ್ತವೆ. ನಡುಬೇಸಿಗೆಯ ಕ್ರಿಸ್ಮಸ್‌ಗೂ ಅಲ್ಲಿ ಕುಸ್ವಾರ್ ಮಾಡಬಹುದು, ಮಾಡುವವರಿದ್ದಾರೆ. ಆದರೆ ತಟ್ಟೆ ಜೋಡಿಸುವ ಆ ತಿಳಿವಳಿಕೆ ಪೆಟ್ಟಿಗೆಯಲ್ಲಿ ಹೋಗುವುದಿಲ್ಲ. ಅದು ಒಂದು ಬೀದಿಯಲ್ಲಿ ನಲವತ್ತು ವರ್ಷ ಬದುಕಿದವರಿಗೆ ಮಾತ್ರ ಬರುತ್ತದೆ, ಆ ಬೀದಿಯಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ. ವಯಸ್ಸಾದವರಿಗೆ ನೋಡಿಕೊಳ್ಳುವವರು ಬೇಕು ಎನ್ನುವ ನಾವು, ಅವರಿಗೆ ತಮ್ಮಿಂದ ನೋಡಿಕೊಳ್ಳಲ್ಪಡುವವರೂ ಬೇಕು ಎಂಬುದನ್ನು ಮರೆಯುತ್ತೇವೆ.

ಹಬ್ಬಕ್ಕೆ ಹೇಳುವ ಈ ಸುದ್ದಿ ಇಂಗ್ಲೆಂಡಿನಲ್ಲಿ ತಿರುಗುಮುರುಗು. 1843ರಲ್ಲಿ ಹೆನ್ರಿ ಕೋಲ್ ಲಂಡನ್ನಿನಲ್ಲಿ ಮೊದಲ ಕ್ರಿಸ್ಮಸ್ ಕಾರ್ಡ್ ಅಚ್ಚು ಹಾಕಿಸಿದ. ಈಚಿನ ದಶಕಗಳಲ್ಲಿ ಆ ಕಾರ್ಡಿನೊಳಗೆ ವರ್ಷದ ಸುದ್ದಿಯ ಒಂದು ಹಾಳೆ ಮಡಚಿಡುವುದು ಅಲ್ಲಿ ಎಷ್ಟೋ ಮನೆಗಳ ರೂಢಿ. ‘ನಿವೃತ್ತರಾದೆವು, ಸ್ಪೇನಿನ ಕಡಲ ತೀರದಲ್ಲಿ ಮನೆ ಮಾಡಿದೆವು’ ಎಂಬ ಸುದ್ದಿ ಬರುವುದೂ ಅದರಲ್ಲೇ. ಅಲ್ಲಿ ಹೋಗುವವರು ಅಜ್ಜ ಅಜ್ಜಿ, ಉಳಿಯುವವರು ಮಕ್ಕಳು ಮೊಮ್ಮಕ್ಕಳು. ಅದು ಅವರ ಬದುಕು, ಅವರ ಇಷ್ಟ ಎಂದು ಎಲ್ಲರೂ ಒಪ್ಪುತ್ತಾರೆ. ಅಲ್ಲಿಯೂ ಸರಕಾರದ ಕಣ್ಣಿಗೆ ಕಾಣುವುದು ವಿಳಾಸ ಮಾತ್ರ. ಬ್ರಿಟನ್ನಿನ ಸರಕಾರಿ ಪಿಂಚಣಿ ಸ್ಪೇನಿನಲ್ಲಿ, ಅಮೆರಿಕದಲ್ಲಿ ಇರುವವರಿಗೆ ವರ್ಷ ವರ್ಷ ಏರುತ್ತದೆ. ಕೆನಡಾ, ಆಸ್ಟ್ರೇಲಿಯ ಅಥವಾ ನಮ್ಮ ದೇಶಕ್ಕೆ ಬಂದು ನೆಲೆಸಿದವರಿಗೆ ಇದ್ದಲ್ಲೇ ನಿಲ್ಲುತ್ತದೆ. ದಕ್ಷಿಣ ಆಫ್ರಿಕಕ್ಕೆ ಹೋಗಿದ್ದ ಆನೆಟ್ ಕಾರ್ಸನ್ ಎಂಬಾಕೆ ಇದನ್ನು ಪ್ರಶ್ನಿಸಿ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2010ರಲ್ಲಿ ಸೋತರು.

ಸ್ವಾತಂತ್ರ್ಯದ ಆ ಮಾದರಿ ನಮ್ಮದಕ್ಕಿಂತ ಮೇಲು ಎಂದು ನಾನು ವಾದಿಸುವುದಿಲ್ಲ. ಅದರಲ್ಲಿ ಒಂದು ಸತ್ಯವಂತೂ ಇದೆ: ಹೋಗುವವರೇ ‘ನಾವು ಹೋಗುತ್ತೇವೆ’ ಎನ್ನುತ್ತಾರೆ. ನಮ್ಮಲ್ಲಿ ಆ ವಾಕ್ಯವನ್ನು ಮಗ ಹೇಳುತ್ತಾನೆ.

ಮುಪ್ಪಿನಲ್ಲಿ ಮನೆ ಬಿಡುವುದು ನಮಗೆ ಹೊಸತೇನಲ್ಲ. ತಲೆ ನರೆತು, ಮೈ ಸುಕ್ಕುಗಟ್ಟಿ, ಮಗನಿಗೆ ಮಗ ಹುಟ್ಟಿದ್ದನ್ನು ಕಂಡಾಗ ಗೃಹಸ್ಥ ಕಾಡಿಗೆ ಹೊರಡಲಿ ಎನ್ನುತ್ತದೆ ಮನುಸ್ಮೃತಿ. ಆ ಗ್ರಂಥದ ಬಹಳಷ್ಟು ಮಾತು ನನಗೆ ಒಪ್ಪಿಗೆಯಿಲ್ಲ, ಆದರೆ ಇಲ್ಲಿ ಯೋಚಿಸಬೇಕಾದ್ದಿದೆ. ಅಲ್ಲಿ ಮೊಮ್ಮಗು ಹುಟ್ಟಿತೆಂದರೆ ಹಿರಿಯರ ಹೊಣೆ ಮುಗಿಯಿತೆಂದು ಗುರುತು. ಇಂದು ಹಿರಿಯರು ವಿಮಾನ ಹತ್ತುವುದೇ ಮೊಮ್ಮಗು ಹುಟ್ಟಿತೆಂದು. ಮಗು ಶಾಲೆಗೆ ಹೋಗುವವರೆಗೆ ಅಜ್ಜಿಗೆ ಕೈತುಂಬ ಕೆಲಸ, ಮನೆತುಂಬ ಮರ್ಯಾದೆ. ಆಮೇಲಿನ ವರ್ಷಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಬಸ್ಸು ಅಪರೂಪವಾದ ಬಡಾವಣೆ, ಕಾರು ಓಡಿಸಲು ಬಾರದ ಕೈ, ಸಂಜೆ ಆರರವರೆಗೆ ಖಾಲಿ ಮನೆ.

ಹಾಗೆಂದು ಇಲ್ಲಿ ಉಳಿಯುವುದು ಸುಖವೆಂದು ನಾನು ಬರೆದರೆ ಅದು ಸುಳ್ಳಾಗುತ್ತದೆ. ನಮ್ಮ ಬೀದಿಯಲ್ಲೇ ಎಷ್ಟು ಮನೆಗಳಿಗೆ ಬೀಗ ಬಿದ್ದಿದೆ! ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡರೆ ಆಸ್ಪತ್ರೆಗೆ ಕರೆದೊಯ್ಯಲು ಬಾಡಿಗೆಯ ಹೋಂ ನರ್ಸ್ ಒಬ್ಬಳೇ. ದೂರದಲ್ಲಿರುವ ಮಕ್ಕಳ ಆತಂಕ ನಾಟಕವಲ್ಲ. ಫೋನು ಎತ್ತದಿದ್ದ ಒಂದು ಗಂಟೆಯಲ್ಲಿ ಅವರು ಪಡುವ ಪಾಡನ್ನು ಕಂಡಿದ್ದೇನೆ. ಹೋಗಬೇಡಿ ಎಂದು ಯಾರಿಗೂ ಹೇಳಲಾರೆ.

ಆದರೆ ಸುರಕ್ಷಿತವಾಗಿರುವುದೂ ಬದುಕುವುದೂ ಒಂದೇ ಅಲ್ಲ. ಮನುಷ್ಯರು ಕೂಡಿ ಬಾಳುವುದೆಂದರೆ ಮಾತನ್ನೂ ಯೋಚನೆಯನ್ನೂ ಹಂಚಿಕೊಳ್ಳುವುದು, ದನಗಳಂತೆ ಒಂದೇ ಕಡೆ ಮೇಯುವುದಲ್ಲ ಎಂದು ಅರಿಸ್ಟಾಟಲ್ ಸ್ನೇಹದ ಬಗ್ಗೆ ಬರೆಯುತ್ತ ಹೇಳಿದ್ದಾನೆ. ಒಂದೇ ಸೂರಿನಡಿ ಇದ್ದಮಾತ್ರಕ್ಕೆ ಮಕ್ಕಳ ಜೊತೆ ಇದ್ದಂತಾಗುವುದಿಲ್ಲ. ಹಾಗಾಗಿ ಮಕ್ಕಳೆಷ್ಟು ಎಂಬ ಲೆಕ್ಕಕ್ಕಿಂತ ನನಗೆ ಬೇರೊಂದು ಲೆಕ್ಕ ಮುಖ್ಯ. ಮಗನ ಮನೆಯ ಹೊರಗೆ, ಆ ಊರಿನಲ್ಲಿ, ಈ ಹಿರಿಯರನ್ನು ಇವರ ಹೆಸರಿನಿಂದಲೇ ಬಲ್ಲವರು ಯಾರಾದರೂ ಸಿಗುತ್ತಾರೆಯೇ? ಚರ್ಚಿನಲ್ಲಿ, ಅಂಗಡಿಯಲ್ಲಿ, ಪಕ್ಕದ ಬಾಗಿಲಿನಲ್ಲಿ ಇವರಿಂದ ಏನನ್ನಾದರೂ ಬಯಸುವವರು ಇದ್ದಾರೆಯೇ? ಅದು ತಿಳಿಯಬೇಕಾದರೆ ಮನೆ ಮಾರದೆ ಒಂದು ಚಳಿಗಾಲ ಅಲ್ಲಿ ಇದ್ದು ನೋಡಬೇಕು, ಮಗುವಿಗೆ ಶಾಲೆಯಿರುವ ದಿನಗಳಲ್ಲಿ.

ಇಬ್ಬರಲ್ಲಿ ಒಬ್ಬರು ತೀರಿಹೋದಮೇಲೆ ಉಳಿದವರು ಎಲ್ಲಿರಬೇಕು, ತೀರಿಹೋದವರ ಮಣ್ಣು ಯಾವ ಊರಿನಲ್ಲಿ ಎಂದೂ ಕೇಳಬೇಕು. ಮಣ್ಣು ಅಲ್ಲಿ ಎಂದಾದರೆ ಬದುಕಿದವರು ಇಲ್ಲಿಗೆ ಮರಳುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಇದನ್ನು ಕ್ರಿಸ್ಮಸ್ ರಾತ್ರಿ ಕೇಳಲಾಗುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಹೊಸ ಭತ್ತದ ಕಾಳು ಹಂಚಿಕೊಂಡು ಮನೆಯವರಷ್ಟೇ ಉಣ್ಣುವ ಊಟವಿದೆ.  ಆ ಊಟ ಮುಗಿದ ಮೇಲೆ, ನೆಂಟರು ಬರುವ ಮೊದಲು, ಗಿರಾಕಿಯಿಂದ ಮುಂಗಡ ತೆಗೆದುಕೊಳ್ಳುವ ಮೊದಲು, ಮಗ ತಾಯಿಯನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಲಿ, ಅವಳು ಉತ್ತರ ಕೊಡುವವರೆಗೆ ಸುಮ್ಮನಿರಲಿ.