ಹಿಂದಿನಿಂದ ಬಂದದ್ದನ್ನು ಮುಂದಕ್ಕೆ ಕೊಡುವುದು: ತಾಲಿಮೆರೆನ್ ಆವೊ ಮತ್ತು ಸ್ವಧರ್ಮದ ಪ್ರಶ್ನೆ

ಮನುಷ್ಯನಲ್ಲಿ ಅಸಾಮಾನ್ಯವಾದ ಸಾಮರ್ಥ್ಯವೊಂದಿದ್ದರೆ ಆ ಸಾಮರ್ಥ್ಯವೇ ಅವನ ಕರ್ತವ್ಯವನ್ನು ನಿರ್ಧರಿಸುತ್ತದೆಯೇ ಎಂಬುದು ನೀತಿಚಿಂತನೆಯ ಹಳೆಯ ಪ್ರಶ್ನೆಗಳಲ್ಲಿ ಒಂದು. ಚೆನ್ನಾಗಿ ಹಾಡಬಲ್ಲವನು ಹಾಡಲೇಬೇಕೆ, ಚೆನ್ನಾಗಿ ಆಡಬಲ್ಲವನು ಆಡಲೇಬೇಕೆ, ಅದನ್ನು ಬಿಟ್ಟು ಬೇರೆ ದಾರಿ ಹಿಡಿದರೆ ಆ ಶಕ್ತಿಯನ್ನು ಕೊಟ್ಟ ದೈವಕ್ಕೂ ಅದನ್ನು ಪೋಷಿಸಿದ ಸಮಾಜಕ್ಕೂ ದ್ರೋಹ ಬಗೆದಂತಾಗುತ್ತದೆಯೇ ಎಂದು ಕೇಳಿದಾಗ, ಭಾರತೀಯ ಚಿಂತನೆ ಅದನ್ನು ಸ್ವಧರ್ಮದ, ಅಂದರೆ ವ್ಯಕ್ತಿಯೊಬ್ಬನಿಗೆ ಮಾತ್ರ ಸಲ್ಲುವ ಕರ್ತವ್ಯದ, ಪ್ರಶ್ನೆಯಾಗಿ ಕಂಡಿದೆ. ಕ್ರೈಸ್ತ ಚಿಂತನೆ ದೇವರ ಕರೆಯ ಪ್ರಶ್ನೆಯಾಗಿ ಕಂಡಿದೆ. ಈ ಎರಡೂ ನೋಟಗಳು ಒಂದೇ ಬದುಕಿನ ಮೇಲೆ ಬೀಳುವ ಅಪರೂಪದ ಉದಾಹರಣೆಯೆಂದರೆ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡದ ನಾಯಕರಾಗಿದ್ದ ತಾಲಿಮೆರೆನ್ ಆವೊ.

ಆವೊ 1918ರ ಜನವರಿ 28ರಂದು ಅಂದಿನ ಅಸ್ಸಾಮಿನ ಆಡಳಿತದಲ್ಲಿದ್ದ ನಾಗಾ ಗುಡ್ಡಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿಗಳು 1872ರಿಂದ ಆವೊ ನಾಗರ ನಡುವೆ ನೆಲೆಯೂರತೊಡಗಿದ್ದರು. ಅವರ ಕೇಂದ್ರವಾಗಿದ್ದ ಇಂಪುರ್‌ನಲ್ಲಿ ಆವೊ ಅವರ ತಂದೆ ಪಾದ್ರಿಯಾಗಿದ್ದರು. ಅಲ್ಲಿನ ಬಯಲಿನಲ್ಲಿ ಚಿಂದಿ ಬಟ್ಟೆ ಸುತ್ತಿ ಕಟ್ಟಿದ ಚೆಂಡನ್ನು ಒದೆಯುತ್ತ ಆಟ ಕಲಿತ ಹುಡುಗ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ತಂದೆ ಟೈಫಾಯ್ಡ್‌ನಿಂದ ತೀರಿಕೊಂಡರು. ಮಗ ವೈದ್ಯನಾಗಿ ತನ್ನ ಜನರ ಸೇವೆ ಮಾಡಬೇಕೆಂಬುದು ಅವರ ಆಸೆಯಾಗಿತ್ತು; ಅದನ್ನು ಮಗ ತಾನು ನಡೆಸಬೇಕಾದ ಮಾತಾಗಿ ಹೊತ್ತ. ಆವೊ ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಓದಿ, ಅಲ್ಲಿನ ಮಹಾರಾಣಾ ಕ್ಲಬ್ಬಿಗೆ ಆಡಿ, ಮುಂದೆ ಕಲ್ಕತ್ತೆಯ ಕಾರ್ಮೈಕೇಲ್ ವೈದ್ಯಕೀಯ ಕಾಲೇಜನ್ನು ಸೇರಿದರು. ಅದೇ ಊರಿನ ಮೋಹನ್ ಬಾಗಾನ್ ತಂಡದಲ್ಲಿ ಹೆಸರು ಮಾಡಿ ಅದರ ನಾಯಕರೂ ಆದರು. ಹೀಗೆ ಹಗಲಿನ ಶವಚ್ಛೇದನದ ಪಾಠವೂ ಸಂಜೆಯ ಮೈದಾನವೂ ಹಲವು ವರ್ಷ ಒಂದೇ ಬದುಕಿನೊಳಗೆ ಜೊತೆಜೊತೆಯಾಗಿ ನಡೆದವು.

ಅವರು ಆಡುತ್ತಿದ್ದ ಸ್ಥಾನವನ್ನು ಅಂದಿನ ಭಾಷೆಯಲ್ಲಿ ಸೆಂಟರ್ ಹಾಫ್ ಎನ್ನುತ್ತಿದ್ದರು. ಹಿಂದೆ ಇಬ್ಬರು ರಕ್ಷಕರು, ನಡುವೆ ಮೂವರು, ಮುಂದೆ ಐವರು ನಿಲ್ಲುತ್ತಿದ್ದ ಆ ಕಾಲದ ವ್ಯೂಹದಲ್ಲಿ, ನಡುಸಾಲಿನ ನಟ್ಟನಡುವೆ ನಿಲ್ಲುವವನೇ ಸೆಂಟರ್ ಹಾಫ್. ಎದುರಾಳಿಯ ದಾಳಿಯನ್ನು ಮುರಿಯುವುದು ಅವನ ಮೊದಲ ಕೆಲಸವಾದರೆ, ಹಿಂದಿನಿಂದ ಬಂದ ಚೆಂಡನ್ನು ಮುಂದಿನವರಿಗೆ ಸಕಾಲದಲ್ಲಿ ಒಪ್ಪಿಸುವುದು ಎರಡನೆಯದು. ಗೋಲು ಬೇರೆಯವರ ಹೆಸರಿಗೆ ಸೇರುತ್ತದೆ, ಚೆಂಡು ಅವನ ಕಾಲಿನ ಬಳಿ ಕ್ಷಣಮಾತ್ರ ನಿಲ್ಲುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ಭಾರತದ ಧ್ವಜ ಹಿಡಿದು ನಡೆದ ಆವೊ, ಜುಲೈ 31ರಂದು ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ತಂಡವನ್ನು ಮುನ್ನಡೆಸಿದರು. ಬಹುಪಾಲು ಭಾರತೀಯರು ಬೂಟಿಲ್ಲದೆ ಆಡಿದ ಆ ಪಂದ್ಯದಲ್ಲಿ ಫ್ರಾನ್ಸ್ ಮೊದಲು ಮುಂದಾಯಿತು. ಎರಡನೆಯ ಅವಧಿಯಲ್ಲಿ ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್ ಸಮ ಮಾಡಿದರು. ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿ ಒದೆತಗಳು ವ್ಯರ್ಥವಾದವು. ಆಟ ಮುಗಿಯಲು ಇನ್ನೊಂದೆರಡು ನಿಮಿಷವಿರುವಾಗ ಫ್ರಾನ್ಸ್ ಮತ್ತೆ ಗೋಲು ಹೊಡೆದು 2–1ರಿಂದ ಗೆದ್ದಿತು. ಬೆಂಗಳೂರಿನ ಅಹ್ಮದ್ ಖಾನ್ ಅವರಂಥವರು ಮುಂದಿನ ಸಾಲಿನಲ್ಲಿದ್ದ ಆ ತಂಡ ಸೋತೂ ಲಂಡನ್ನಿನ ಪ್ರೇಕ್ಷಕರ ಮನಸ್ಸನ್ನು ಗೆದ್ದಿತು.

ಇಲ್ಲಿಂದ ಮುಂದೆ ಆವೊ ಅವರ ಬದುಕು ತಿರುಗಿದ ರೀತಿಯೇ ಪ್ರಶ್ನೆಯನ್ನು ತೀಕ್ಷ್ಣಗೊಳಿಸುತ್ತದೆ. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಅವರಿಗೆ ಆಟವನ್ನೇ ವೃತ್ತಿಯಾಗಿಸುವ ಆಹ್ವಾನವಿತ್ತಿತ್ತು ಎಂಬ ಮಾತು ಫುಟ್‌ಬಾಲ್ ವಲಯದಲ್ಲಿ ಇಂದಿಗೂ ಪ್ರಚಲಿತವಾಗಿದೆ. ಅವರಾದರೋ ಭಾರತಕ್ಕೆ ಮರಳಿ ವೈದ್ಯಕೀಯ ಪದವಿಯನ್ನು ಮುಗಿಸಿದರು, ಮೈದಾನದಿಂದ ಸರಿದರು, ಕೊಹಿಮಾದ ಸರ್ಕಾರಿ ಆಸ್ಪತ್ರೆ ಸೇರಿದರು, 1978ರಲ್ಲಿ ನಾಗಾಲ್ಯಾಂಡ್‌ನ ಆರೋಗ್ಯ ಸೇವೆಗಳ ನಿರ್ದೇಶಕರಾಗಿ ನಿವೃತ್ತರಾದರು. ತಂದೆಗೆ ಸಲ್ಲಬೇಕಾದ ಮಾತು ಸಂದಿತು. ಆದರೆ ಅದಕ್ಕಾಗಿ ತೆತ್ತ ಬೆಲೆ ನ್ಯಾಯವಾದುದೇ?

ನ್ಯಾಯವಲ್ಲ ಎನ್ನುವ ವಾದಕ್ಕೆ ಬಲವಾದ ಆಧಾರ ಆವೊ ಅವರದೇ ಧರ್ಮಗ್ರಂಥದಲ್ಲಿದೆ. ಮತ್ತಾಯನ ಸುವಾರ್ತೆಯಲ್ಲಿ ಬರುವ ತಲಾಂತುಗಳ ಸಾಮತಿಯಲ್ಲಿ, ಅಂದರೆ ದೃಷ್ಟಾಂತಕಥೆಯಲ್ಲಿ, ಯಜಮಾನ ಕೊಟ್ಟ ಹಣವನ್ನು ದುಡಿಸದೆ ನೆಲದಲ್ಲಿ ಹೂತಿಟ್ಟ ಆಳು ಶಿಕ್ಷೆಗೆ ಗುರಿಯಾಗುತ್ತಾನೆ. ದೇವರು ಕೊಟ್ಟ ಶಕ್ತಿಯನ್ನು ಬಳಸದಿರುವುದು ಪಾಪವೆಂದು ಅದನ್ನು ಶತಮಾನಗಳಿಂದ ವ್ಯಾಖ್ಯಾನಿಸಲಾಗಿದೆ. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಕೂಡ ತನ್ನ ಪ್ರತಿಭೆಯನ್ನು ಬೆಳೆಸಿಕೊಳ್ಳುವುದು ಮನುಷ್ಯನ ಕರ್ತವ್ಯವೆಂದೇ ಹೇಳಿದ. ಆದರೆ ಅದನ್ನು ಆತ ಅಪೂರ್ಣ ಕರ್ತವ್ಯಗಳ ಸಾಲಿಗೆ ಸೇರಿಸಿದ; ಯಾವ ಪ್ರತಿಭೆಯನ್ನು, ಎಷ್ಟರಮಟ್ಟಿಗೆ, ಹೇಗೆ ಬೆಳೆಸಬೇಕೆಂಬುದನ್ನು ವ್ಯಕ್ತಿಯ ವಿವೇಚನೆಗೆ ಬಿಡುವ ಕರ್ತವ್ಯವನ್ನು ಅಪೂರ್ಣವೆನ್ನುತ್ತಾರೆ. ಪೂರ್ಣ ಕರ್ತವ್ಯ ಇಂಥ ಸಡಿಲಿಕೆಯನ್ನು ಒಪ್ಪುವುದಿಲ್ಲ, ಮತ್ತು ಕಪಟದ ಮಾತು ಕೊಡಬಾರದೆಂಬುದನ್ನು ಕಾಂಟ್ ಆ ಬಗೆಯದಕ್ಕೆ ಉದಾಹರಣೆಯಾಗಿ ಕೊಟ್ಟ. ಸಾಮತಿಯನ್ನೂ ಹೀಗೆಯೇ ಓದಬಹುದು: ಆ ಆಳು ಹಣವನ್ನು ಹೂತದ್ದು ಭಯದಿಂದ, ಇನ್ನೊಬ್ಬರ ಹಿತಕ್ಕಾಗಿ ಅಲ್ಲ. ರಾಷ್ಟ್ರ ತಂಡದ ನಾಯಕತ್ವದವರೆಗೆ ಆಡಿದವನನ್ನು ಪ್ರತಿಭೆಯನ್ನು ಹೂತಿಟ್ಟವನೆಂದು ಕರೆಯಲಾಗದು.

ಗೀತೆ ಈ ವಿಷಯದಲ್ಲಿ ಇನ್ನೂ ನೇರವಾಗಿದೆ. ತನ್ನ ಧರ್ಮವನ್ನು ಕುಂದಿನೊಡನೆ ಆಚರಿಸಿದರೂ ಅದು ಚೆನ್ನಾಗಿ ಆಚರಿಸಿದ ಪರಧರ್ಮಕ್ಕಿಂತ ಮೇಲು ಎಂದು ಮೂರನೆಯ ಮತ್ತು ಹದಿನೆಂಟನೆಯ ಅಧ್ಯಾಯಗಳಲ್ಲಿ ಹೇಳುವಾಗ, ಅದು ನೈಪುಣ್ಯವನ್ನೂ ಕರ್ತವ್ಯವನ್ನೂ ಬೇರೆಬೇರೆಯಾಗಿ ಇಡುತ್ತದೆ. ಯಾವುದನ್ನು ಚೆನ್ನಾಗಿ ಮಾಡಬಲ್ಲೆ ಎಂಬುದಕ್ಕಿಂತ ಯಾವುದನ್ನು ಮಾಡಬೇಕಾಗಿದೆ ಎಂಬುದು ಅಲ್ಲಿ ಮುಖ್ಯ. ಈ ಮಾತಿಗೆ ಅಂಟಿಕೊಂಡ ದೋಷವನ್ನು ಮರೆಮಾಚುವಂತಿಲ್ಲ: ಸ್ವಧರ್ಮವನ್ನು ಹುಟ್ಟಿಗೂ ವರ್ಣಕ್ಕೂ ಕಟ್ಟಿಹಾಕಿದ್ದರಿಂದ ಕೋಟ್ಯಂತರ ಜನರ ಪ್ರತಿಭೆ ಶತಮಾನಗಳ ಕಾಲ ಹೂತುಹೋಯಿತು. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಕಲ್ಪನೆಯಿಂದ ಈ ಕಟ್ಟನ್ನು ಸಡಿಲಿಸಿ, ಕೆಲಸದ ಘನತೆ ಮಾಡುವವನ ಕುಲದಲ್ಲಿಲ್ಲ, ನಿಷ್ಠೆಯಲ್ಲಿದೆ ಎಂದರು. ಕಾಯಕದ ಫಲ ದುಡಿದವನ ಮನೆಯಲ್ಲೇ ನಿಲ್ಲದೆ ದಾಸೋಹವಾಗಿ, ಅಂದರೆ ಸಮುದಾಯಕ್ಕೆ ಸಲ್ಲುವ ಅರ್ಪಣೆಯಾಗಿ, ಹರಿಯಬೇಕೆಂದರು. ಆವೊ ಅವರನ್ನು ಕಟ್ಟಿದ್ದು ಹುಟ್ಟಲ್ಲ, ತಾವಾಗಿ ಹೊತ್ತ ಮಾತು.

ಆ ಮಾತಿನ ಸ್ವರೂಪವೂ ವಿಶಿಷ್ಟವಾದುದು. ಕನ್ನಡ ಮನಸ್ಸಿಗೆ ಕೊಟ್ಟ ಮಾತೆಂದೊಡನೆ ನೆನಪಾಗುವ ಪುಣ್ಯಕೋಟಿಯ ಕಥೆಯಲ್ಲಿ ಮಾತು ಪಡೆದ ಹುಲಿ ಬೆಟ್ಟದಲ್ಲಿ ಕಾಯುತ್ತಿರುತ್ತದೆ. ತೀರಿಕೊಂಡ ತಂದೆಯಾದರೋ ಕಾಯುವುದಿಲ್ಲ, ಕೇಳುವುದಿಲ್ಲ, ತಪ್ಪಿದರೆ ನೊಂದುಕೊಳ್ಳುವುದೂ ಇಲ್ಲ; ಹಾಗೆಯೇ ಮಾತಿನಿಂದ ಬಿಡುಗಡೆ ಕೊಡಲೂ ಅವರಿಲ್ಲ. ಅಂಥ ಮಾತನ್ನು ಉಳಿಸಿಕೊಳ್ಳುವುದರಿಂದ ಯಾರಿಗೆ ಏನು ಸಂದಂತಾಯಿತು ಎಂಬ ಸಂಶಯ ಸಹಜ.

ಈ ಸಂಶಯಕ್ಕೆ ಉತ್ತರ ಋಣದ ಕಲ್ಪನೆಯಲ್ಲಿ ದೊರೆಯುತ್ತದೆ. ಮನುಷ್ಯ ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಸಾಲಗಾರನಾಗಿರುತ್ತಾನೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಗಮನಿಸಬೇಕಾದದ್ದು ಸಾಲ ತೀರಿಸುವ ಬಗೆಯನ್ನು: ಪಿತೃಋಣ ತೀರುವುದು ಸಂತಾನದಿಂದ, ಅಂದರೆ ಹಿರಿಯರಿಂದ ಪಡೆದ ಬದುಕನ್ನು ಕಿರಿಯರಿಗೆ ಕೊಡುವುದರಿಂದ. ಸಾಲ ಹಿಂದಿನವರದು, ಸಂದಾಯ ಮುಂದಿನವರಿಗೆ. ಆವೊ ಅವರ ತಂದೆಯ ಆಸೆಯೂ ತಮ್ಮ ಲಾಭಕ್ಕಾಗಿ ಇರಲಿಲ್ಲ. ವೈದ್ಯರು ವಿರಳವಾಗಿದ್ದ ಗುಡ್ಡಗಳ ಜನರಿಗಾಗಿ ಇತ್ತು. ಆದ್ದರಿಂದ ತಂದೆಯ ಋಣ ಕೊಹಿಮಾದ ಆಸ್ಪತ್ರೆಯ ರೋಗಿಗಳಲ್ಲಿ ತೀರಿತು, ಅವರಿಗೆ ಆ ಪಾದ್ರಿಯ ಹೆಸರು ತಿಳಿದಿರಬೇಕಾಗಿರಲಿಲ್ಲ. ಸೆಂಟರ್ ಹಾಫ್ ಮಾಡುವುದೂ ಇದನ್ನೇ: ಬೆನ್ನ ಹಿಂದಿನಿಂದ ಬಂದದ್ದನ್ನು ಕೊಟ್ಟವನಿಗೇ ಹಿಂದಿರುಗಿಸುತ್ತ ನಿಲ್ಲದೆ, ತನ್ನಲ್ಲೇ ಇಟ್ಟುಕೊಳ್ಳದೆ, ಮುಂದೆ ಅಗತ್ಯವಿರುವವನನ್ನು ಹುಡುಕಿ ಒಪ್ಪಿಸುವುದು.

ಹೀಗೆಂದ ಮಾತ್ರಕ್ಕೆ ಹೆತ್ತವರ ಆಸೆಯೆಲ್ಲ ಮಕ್ಕಳಿಗೆ ಧರ್ಮವಾಗುವುದಿಲ್ಲ. ಮಗನ ಪದವಿಯಿಂದ ಮನೆಯ ಪ್ರತಿಷ್ಠೆ ಹೆಚ್ಚಲಿ ಎಂಬ ಹಂಬಲಕ್ಕೆ ಎಳೆಯರ ಒಲವನ್ನು ಬಲಿಗೊಡುವ ಮನೆಗಳು ಇಂದು ಕಡಮೆಯಿಲ್ಲ, ಆವೊ ಅವರ ಬದುಕನ್ನು ಅಂಥ ಒತ್ತಾಯಕ್ಕೆ ಸಮರ್ಥನೆಯಾಗಿ ಬಳಸುವುದು ಅವರಿಗೆ ಮಾಡುವ ಅನ್ಯಾಯ. ಹಿರಿಯರ ಮಾತು ನಿಜವಾಗಿ ಕಟ್ಟುವುದು ಎರಡು ಷರತ್ತುಗಳ ಮೇಲೆ: ಅದರ ಹಿತ ಹೇಳಿದವರ ಹೊಸ್ತಿಲಲ್ಲಿ ನಿಲ್ಲದೆ ದಾಟಿ ಹೋಗಬೇಕು, ಕೇಳಿದವನು ಅದನ್ನು ಹೇರಿಕೆಯೆಂದು ಹೊರದೆ ತನ್ನದೆಂದು ಒಪ್ಪಿಕೊಂಡಿರಬೇಕು. ಆವೊ ಆಟವನ್ನು ಹಗುರವಾಗಿ ಕಾಣಲಿಲ್ಲ, ಅರೆಮನಸ್ಸಿನಿಂದ ಆಡಲೂ ಇಲ್ಲ. ಓದಿನ ನಡುವೆಯೇ ಅದನ್ನು ದೇಶದ ಅತ್ಯುನ್ನತ ಮಟ್ಟಕ್ಕೆ ಒಯ್ದು, ಸಮಯ ಬಂದಾಗ ಬಿಟ್ಟುಕೊಟ್ಟರು. ಪ್ರೀತಿಯಿಲ್ಲದ ವಸ್ತುವನ್ನು ಬಿಡುವುದು ತ್ಯಾಗವಲ್ಲವಾದ್ದರಿಂದ, ಅವರ ಆಟದ ಶ್ರೇಷ್ಠತೆಯೇ ಅವರ ನಿರ್ಧಾರಕ್ಕೆ ತೂಕ ಕೊಡುತ್ತದೆ.

ಸಾಮರ್ಥ್ಯ ಕರ್ತವ್ಯವನ್ನು ನಿರ್ಧರಿಸುತ್ತದೆಯೇ ಎಂಬ ಮೊದಲ ಪ್ರಶ್ನೆಗೆ ಈ ಬದುಕು ಕೊಡುವ ಉತ್ತರವೆಂದರೆ, ಸಾಮರ್ಥ್ಯ ಕೆಲಸವನ್ನು ಹೇಗೆ ಮಾಡಬೇಕೆಂಬುದನ್ನು ಕಲಿಸಬಲ್ಲುದು, ಯಾರಿಗಾಗಿ ಮಾಡಬೇಕೆಂಬುದನ್ನು ಹೇಳಲಾರದು. ಅದನ್ನು ಹೇಳುವುದು ಋಣ. 1998ರಲ್ಲಿ ಆವೊ ತೀರಿಕೊಂಡರು. ಜನ್ಮಶತಮಾನೋತ್ಸವದ 2018ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಇಲ್‌ಫರ್ಡ್‌ನ ಪಂದ್ಯಕ್ಕೆ ದಾಖಲೆಯಿದೆ, ಗೋಲು ಹೊಡೆದವರ ಹೆಸರೂ ನಿಮಿಷವೂ ಅದರಲ್ಲಿವೆ. ಕೊಹಿಮಾದಲ್ಲಿ ಆವೊ ಅವರ ಕೈಯಿಂದ ಗುಣಮುಖರಾಗಿ ಮನೆಗೆ ನಡೆದವರ ಪಟ್ಟಿಯನ್ನು ಯಾರೂ ಹಾಗೆ ಕಾಪಿಟ್ಟಿಲ್ಲ, ಆ ರೋಗಿಗಳ ಮಕ್ಕಳು ಮೊಮ್ಮಕ್ಕಳು ಮಾತ್ರ ಆ ಗುಡ್ಡಗಳಲ್ಲಿ ಬದುಕು ಮುಂದುವರಿಸಿದ್ದಾರೆ.